ಬಾಲ್ಯದ ನೆನಪು ಎಷ್ಟು ಹಿಂದಕ್ಕೆ ಹೋಗಬಲ್ಲದು? ಅದು ನಮ್ಮದೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ಸಕಲೇಶಪುರದವನು

ನಾನು ಹುಟ್ಟಿದ್ದು 1992ರ ಆಗಸ್ಟ್ ತಿಂಗಳಲ್ಲಿ. ನನ್ನ ಅತಿ ಹಳೆಯ ನೆನಪು ರೈಲಿನ ಡಬ್ಬಿಯೊಳಗಿನ ಕತ್ತಲು. ಹಗಲು ಹೊತ್ತಿನಲ್ಲಿ ಇದ್ದಕ್ಕಿದ್ದಂತೆ ಕತ್ತಲಾಗುತ್ತದೆ, ಸುತ್ತಲಿನವರೆಲ್ಲ ಹೋ ಎಂದು ಕೂಗುತ್ತಾರೆ, ನನ್ನ ಕಿವಿಯ ಪಕ್ಕದಲ್ಲೇ ಅಮ್ಮನ ಗಾಜಿನ ಬಳೆಗಳ ಸದ್ದಾಗುತ್ತದೆ, ಮತ್ತೆ ಬೆಳಕು ಬರುತ್ತದೆ. ಅದಕ್ಕೆ ಹಿಂದೆಯೂ ಮುಂದೆಯೂ ಏನೂ ಇಲ್ಲ.

ನಮ್ಮ ಘಟ್ಟದ ರೈಲನ್ನು ಬಲ್ಲವರಿಗೆ ಇದರಲ್ಲಿರುವ ವಿಶೇಷ ತಿಳಿಯುತ್ತದೆ. ಹಾಸನದಿಂದ ಮಂಗಳೂರಿಗೆ ಹೋಗುವ ಮೀಟರ್ ಗೇಜ್ ದಾರಿ 1979ರಲ್ಲಿ ಆರಂಭವಾಯಿತು. ಬ್ರಾಡ್ ಗೇಜ್ ಮಾಡುವ ಸಲುವಾಗಿ 1996ರಲ್ಲಿ ಅದನ್ನು ನಿಲ್ಲಿಸಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಆದ್ದರಿಂದ ಈ ನೆನಪು ನಿಜವಾದರೆ ಅದು ನನಗೆ ನಾಲ್ಕು ತುಂಬುವ ಹೊತ್ತಿಗಾಗಲೇ ಆಗಿಹೋಗಿರಬೇಕು, ಏಕೆಂದರೆ ಆ ಸುರಂಗಗಳಲ್ಲಿ ಮತ್ತೆ ಪ್ರಯಾಣ ಮಾಡಲು ಸಾಧ್ಯವಾದಾಗ ನಾನು ಹದಿನೈದರ ಹುಡುಗ. ಹರಕೆ ತೀರಿಸಲು ಮನೆಯವರೆಲ್ಲ ಆ ರೈಲಿನಲ್ಲಿ ಸುಬ್ರಹ್ಮಣ್ಯಕ್ಕೆ ಹೋಗಿದ್ದು 1995ರ ಬೇಸಿಗೆಯಲ್ಲಿ ಎಂದು ಅಪ್ಪ ಹೇಳುತ್ತಾರೆ. ನನಗಿಂತ ಐದು ವರ್ಷ ದೊಡ್ಡವನಾದ ಅಣ್ಣನ ಮಾತು ಬೇರೆ: ನಾನು ದಾರಿಯುದ್ದಕ್ಕೂ ಅಮ್ಮನ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದೆನಂತೆ, ಸುರಂಗದ ಕಥೆಯನ್ನು ಮುಂದೆ ಅವನ ಬಾಯಿಂದ ಕೇಳಿ ನನ್ನದೆಂದು ತಿಳಿದುಕೊಂಡಿದ್ದೇನಂತೆ.

ಮನುಷ್ಯನಿಗೆ ಎಷ್ಟನೆಯ ವಯಸ್ಸಿನಿಂದ ನೆನಪು ಉಳಿಯುತ್ತದೆ? ಸ್ವಂತ ನೆನಪನ್ನೂ ಕೇಳಿ ತಿಳಿದದ್ದನ್ನೂ ಬೇರ್ಪಡಿಸಲು ಏನಾದರೂ ದಾರಿ ಇದೆಯೇ? ತಿಳಿದವರು ದಯವಿಟ್ಟು ಬರೆಯಬೇಕು.

ಉತ್ತರ: ಮನಶ್ಶಾಸ್ತ್ರ ಅಧ್ಯಾಪಕಿ, ಹಾಸನ

ನಿಮ್ಮ ನೆನಪಿಗೆ ರೈಲ್ವೆ ಇಲಾಖೆಯೇ ಕೊನೆಯ ದಿನಾಂಕವನ್ನು ಕೊಟ್ಟಿದೆ. ಬಾಲ್ಯದ ನೆನಪನ್ನು ಅಧ್ಯಯನ ಮಾಡುವವರು ಹುಡುಕುವುದು ಇಂಥ ಆಧಾರವನ್ನೇ, ಆದ್ದರಿಂದ ನಿಮ್ಮ ಪ್ರಶ್ನೆಗೆ ವಿವರವಾಗಿ ಉತ್ತರಿಸುವುದು ಸಾರ್ಥಕ.

ದೊಡ್ಡವರನ್ನು ಕೇಳಿದಾಗ ಅವರು ಹೇಳುವ ಮೊದಲ ನೆನಪಿನ ವಯಸ್ಸು ಸರಾಸರಿಯಲ್ಲಿ ಮೂರರಿಂದ ಮೂರೂವರೆ ವರ್ಷ. ಇದು ಇಂದು ನಿನ್ನೆಯ ತಿಳಿವಳಿಕೆಯಲ್ಲ. ಅಮೆರಿಕದಲ್ಲಿ ಕ್ಯಾರೊಲಿನ್ ಮೈಲ್ಸ್ 1893ರಲ್ಲಿ, ಫ್ರಾನ್ಸಿನಲ್ಲಿ ವಿಕ್ಟರ್ ಮತ್ತು ಕ್ಯಾಥರೀನ್ ಆನ್ರಿ ದಂಪತಿಗಳು ಅದಾದ ಎರಡು ಮೂರು ವರ್ಷಗಳಲ್ಲಿ, ಪ್ರಶ್ನಾವಳಿಗಳನ್ನು ಹಂಚಿ ಜನರ ಮೊದಲ ನೆನಪುಗಳನ್ನು ಸಂಗ್ರಹಿಸಿದಾಗಲೂ ಹೆಚ್ಚು ಕಡಿಮೆ ಇದೇ ವಯಸ್ಸು ಕಂಡುಬಂದಿತ್ತು. ಅದಕ್ಕೂ ಹಿಂದಿನ ಮರೆವಿಗೆ ಶೈಶವದ ಮರೆವು ಎಂಬ ಅರ್ಥದ ಹೆಸರನ್ನು ಕೊಟ್ಟು ಪ್ರಸಿದ್ಧಿಗೆ ತಂದವರು ಸಿಗ್ಮಂಡ್ ಫ್ರಾಯ್ಡ್. ಮನಸ್ಸು ತಾನೇ ಆ ನೆನಪುಗಳನ್ನು ಅದುಮಿಡುತ್ತದೆ ಎಂಬ ಅವರ ಕಾರಣವನ್ನು ಈಗ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಇಲ್ಲಿ ಹೆಚ್ಚಿನವರಿಗೆ ತಿಳಿಯದ ಒಂದು ಸಂಗತಿಯಿದೆ. ಮಕ್ಕಳಿಗೆ ನೆನಪು ಮೂಡುವುದೇ ಇಲ್ಲ ಎಂಬುದು ಸರಿಯಲ್ಲ. ಮೂಡಿದ ನೆನಪು ಬಾಲ್ಯದಲ್ಲಿಯೇ ಕಳೆದುಹೋಗುತ್ತದೆ. ಪೆಟ್ರೀಷಿಯಾ ಬಾವರ್ ಮತ್ತು ಮರೀನಾ ಲಾರ್ಕಿನಾ ಎಂಬ ಸಂಶೋಧಕಿಯರು ಮೂರು ವರ್ಷದ 83 ಮಕ್ಕಳು ತಮ್ಮ ತಾಯಂದಿರೊಡನೆ ಈಚಿನ ಘಟನೆಗಳ ಬಗ್ಗೆ ಆಡಿದ ಮಾತುಗಳನ್ನು ದಾಖಲಿಸಿಕೊಂಡರು, ಬಳಿಕ ಆ ಮಕ್ಕಳಲ್ಲಿ ಕೆಲವರನ್ನು ಐದನೆಯ ವಯಸ್ಸಿನಲ್ಲಿ, ಕೆಲವರನ್ನು ಆರರಲ್ಲಿ, ಹೀಗೆ ಒಂಬತ್ತರವರೆಗೆ ಬೇರೆ ಬೇರೆ ಗುಂಪುಗಳಾಗಿ ಅದೇ ಘಟನೆಗಳ ಬಗ್ಗೆ ಕೇಳಿದರು. ಐದರಿಂದ ಏಳು ವರ್ಷದವರಿಗೆ ಶೇ. 60ಕ್ಕಿಂತ ಹೆಚ್ಚು ಘಟನೆಗಳು ನೆನಪಿದ್ದವು. ಎಂಟು ಒಂಬತ್ತು ವರ್ಷದವರಿಗೆ ಶೇ. 40ರಷ್ಟೂ ಇರಲಿಲ್ಲ. ಆದರೆ ಆ ದೊಡ್ಡ ಮಕ್ಕಳಲ್ಲಿ ಉಳಿದುಕೊಂಡ ನೆನಪುಗಳು ಹೆಚ್ಚು ತುಂಬಿಕೊಂಡಿದ್ದವು: ಎಲ್ಲಿ, ಯಾವಾಗ, ಯಾರ ಜೊತೆಗೆ ಎಂಬುದು ಅವುಗಳಲ್ಲಿ ಸೇರಿತ್ತು. ಅಂದರೆ ಏಳೆಂಟು ವರ್ಷದ ಹೊತ್ತಿಗೆ ಬಹಳಷ್ಟು ನೆನಪು ಉದುರಿಹೋಗಿ, ಉಳಿದದ್ದು ಗಟ್ಟಿಯಾಗುತ್ತದೆ.

ಇದಕ್ಕೆ ಮಿದುಳಿನಲ್ಲಿಯೂ ಕಾರಣವಿದೆ. ಘಟನೆಗಳ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಹುಟ್ಟಿದ ಮೊದಲ ದಿನಗಳಲ್ಲಿ ಹೊಸ ನರಕೋಶಗಳು ವೇಗವಾಗಿ ಸೇರುತ್ತವೆ. ಟೊರಾಂಟೊದ ಶೀನಾ ಜೋಸ್ಲಿನ್, ಪಾಲ್ ಫ್ರಾಂಕ್‌ಲ್ಯಾಂಡ್ ಮತ್ತು ಅವರ ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಇಲಿಮರಿಗಳಲ್ಲಿ ಈ ಹೊಸ ಕೋಶಗಳ ಹುಟ್ಟನ್ನು ತಗ್ಗಿಸಿದಾಗ ಅವುಗಳ ಮರೆವು ಕಡಿಮೆಯಾಯಿತು, ಬೆಳೆದ ಇಲಿಗಳಲ್ಲಿ ಹೆಚ್ಚಿಸಿದಾಗ ಕಲಿತದ್ದೂ ಮರೆಯಿತು. ಹುಟ್ಟುವಾಗಲೇ ಮಿದುಳು ಸಾಕಷ್ಟು ಬಲಿತಿರುವ ಗಿನಿಹಂದಿಗಳಲ್ಲಿ ಶೈಶವದ ಮರೆವು ಅಷ್ಟಾಗಿ ಕಾಣಿಸಲಿಲ್ಲ. ಇಲಿಯ ವಿಷಯವನ್ನು ಮನುಷ್ಯನಿಗೆ ನೇರವಾಗಿ ಅನ್ವಯಿಸಲಾಗದು. ಆದರೂ ಈ ವಿವರಣೆ ನನಗೆ ಉಳಿದವಕ್ಕಿಂತ ಹೆಚ್ಚು ಒಪ್ಪಿಗೆಯಾಗಿದೆ. 2025ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ನಾಲ್ಕು ತಿಂಗಳಿಂದ ಎರಡು ವರ್ಷದವರೆಗಿನ 26 ಕೂಸುಗಳಿಗೆ ಚಿತ್ರಗಳನ್ನು ತೋರಿಸುತ್ತ ಮಿದುಳಿನ ಸ್ಕ್ಯಾನ್ ಮಾಡಿದ್ದರು. ಚಿತ್ರವನ್ನು ಮೊದಲ ಸಲ ಕಂಡಾಗ ಹಿಪೊಕ್ಯಾಂಪಸ್ ಹೆಚ್ಚು ಚುರುಕಾಗಿದ್ದರೆ, ಅದೇ ಚಿತ್ರವನ್ನು ಮತ್ತೆ ತೋರಿಸಿದಾಗ ಕೂಸು ಅದನ್ನೇ ಹೆಚ್ಚು ಹೊತ್ತು ನೋಡುತ್ತಿತ್ತು, ಮತ್ತು ವರ್ಷ ತುಂಬಿದ ಮಕ್ಕಳಲ್ಲಿ ಇದು ಹೆಚ್ಚು ಸ್ಪಷ್ಟವಾಗಿತ್ತು.

ನಿಮ್ಮ ವಿಷಯಕ್ಕೆ ಬಂದರೆ, ಎರಡು ವರ್ಷ ಎಂಟು ಒಂಬತ್ತು ತಿಂಗಳ ವಯಸ್ಸಿನ ಒಂದು ನೆನಪು ಉಳಿಯುವುದು ಅಪರೂಪವಾದರೂ ಸಾಧ್ಯ. ಕೆನಡಾದ ಕ್ಯಾರೊಲ್ ಪೀಟರ್ಸನ್ ಅವರ ಅಧ್ಯಯನಗಳು ತೋರಿಸಿರುವಂತೆ, ನಾವು ಸಾಮಾನ್ಯವಾಗಿ ನಮ್ಮ ಮೊದಲ ನೆನಪುಗಳಿಗೆ ನಿಜವಾದುದಕ್ಕಿಂತ ಹೆಚ್ಚಿನ ವಯಸ್ಸನ್ನು ಕೊಡುತ್ತೇವೆ. ಎರಡೂವರೆಯಲ್ಲಿ ಆದದ್ದನ್ನು ಮೂರೂವರೆಯಲ್ಲಿ ಆಯಿತು ಎನ್ನುತ್ತೇವೆ. ಅಣ್ಣನವರ ಆಕ್ಷೇಪವನ್ನೂ ತಳ್ಳಿಹಾಕಲಾಗದು. ಕತ್ತಲು ಮತ್ತು ಕೂಗು ಅವರ ಕಥೆಯಿಂದ ಬಂದಿರಬಹುದು. ಬಳೆಯ ಸದ್ದು ಅವರ ಕಥೆಯಲ್ಲಿ ಇತ್ತೇ ಎಂಬುದನ್ನು ವಿಚಾರಿಸಿ, ಆದರೆ ವಿಚಾರಿಸುವಾಗ ಬಳೆ ಎಂಬ ಮಾತನ್ನು ನೀವಾಗಿ ಎತ್ತಬೇಡಿ.

ಉತ್ತರ: ಮೂಡಿಗೆರೆ ತೋಟದ ಮನೆ

ಅಧ್ಯಾಪಕಿಯವರು ಹೇಳಿದ ದಿನಾಂಕದ ವಿಷಯವಾಗಿ ನನ್ನ ಅನುಭವವನ್ನು ಸೇರಿಸುತ್ತೇನೆ. ನಾನು 1975ರ ಜನವರಿಯಲ್ಲಿ ಹುಟ್ಟಿದವಳು. ನಮ್ಮ ಜಿಲ್ಲೆಯಲ್ಲಿ ನನ್ನ ಓರಗೆಯವರನ್ನು ಮೊದಲ ನೆನಪು ಯಾವುದು ಎಂದು ಕೇಳಿದರೆ ಹಲವರು 1978ರ ಉಪಚುನಾವಣೆ ಎನ್ನುತ್ತಾರೆ. ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನಿಂದ ನಿಂತು ವೀರೇಂದ್ರ ಪಾಟೀಲರ ಎದುರು ಗೆದ್ದ ಆ ನವೆಂಬರ್‌ನಲ್ಲಿ ನನಗೆ ಮೂರು ವರ್ಷ ಹತ್ತು ತಿಂಗಳು. ಧ್ವನಿವರ್ಧಕ ಕಟ್ಟಿದ ಜೀಪುಗಳು, ಹಿಂದಿನಿಂದ ಎಸೆಯುತ್ತಿದ್ದ ಕರಪತ್ರಗಳು, ಅವನ್ನು ಆರಿಸಲು ಓಡುತ್ತಿದ್ದ ಲೈನ್ ಮನೆಯ ಮಕ್ಕಳು, ಎಲ್ಲವೂ ನನಗೆ ಕಣ್ಣಿಗೆ ಕಟ್ಟಿದಂತಿವೆ. ಆದರೂ ಈ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಆ ಚುನಾವಣೆಯ ಮಾತು ನಮ್ಮ ಮನೆಯ ಜಗುಲಿಯಲ್ಲಿ ಹತ್ತಾರು ವರ್ಷ ನಡೆದಿದೆ, ಪತ್ರಿಕೆಗಳಲ್ಲಿ ಚಿತ್ರಗಳು ಬಂದಿವೆ, ಮುಂದಿನ ಚುನಾವಣೆಗಳಲ್ಲಿಯೂ ಜೀಪು ಬಂದಿವೆ, ಕರಪತ್ರ ಎಸೆದಿದ್ದಾರೆ. ಊರಿಗೆ ಊರೇ ನೆನಪಿಟ್ಟುಕೊಂಡ ಘಟನೆಯಲ್ಲಿ ನನ್ನ ಪಾಲು ಎಷ್ಟು ಎಂದು ಬಿಡಿಸುವುದು ಕಷ್ಟ.

ನಾನು ನಂಬುವ ನೆನಪು ಅದಕ್ಕಿಂತ ಹಿಂದಿನದು, ಯಾರೂ ಹೇಳಿಕೊಳ್ಳುವಂಥದ್ದಲ್ಲದ್ದು. ನನ್ನ ತಮ್ಮ 1977ರ ಜುಲೈ ತಿಂಗಳಲ್ಲಿ ಮನೆಯಲ್ಲೇ ಹುಟ್ಟಿದ. ಬಾಣಂತಿ ಕೋಣೆಯ ಬಾಗಿಲು ಹಾಕಿದೆ, ಸಂದಿಯಿಂದ ಲೋಬಾನದ ಹೊಗೆ ಬರುತ್ತಿದೆ, ಹೊರಗೆ ಕಿವಿಗೆ ಬೇರೇನೂ ಕೇಳದಷ್ಟು ಮಳೆ, ನನ್ನನ್ನು ಒಳಗೆ ಬಿಡುತ್ತಿಲ್ಲ. ಆಗ ನನಗೆ ಎರಡೂವರೆ ವರ್ಷ. ನನಗಿರುವವನು ಒಬ್ಬನೇ ತಮ್ಮ, ಆ ಮನೆಯಲ್ಲಿ ಮುಂದೆ ಹದಿನೈದು ವರ್ಷ ಬೇರೆ ಬಾಣಂತನ ಆಗಲಿಲ್ಲ, ಆದ್ದರಿಂದ ಬೇರೆ ದಿನದ ಹೊಗೆಯನ್ನು ತಂದು ಇದಕ್ಕೆ ಸೇರಿಸಿದ್ದೇನೆ ಎನ್ನಲು ಆಸ್ಪದ ಕಡಿಮೆ. ಅಮ್ಮನಿಗೆ ನಾನು ಬಾಗಿಲ ಹೊರಗೆ ನಿಂತಿದ್ದುದೇ ಗೊತ್ತಿರಲಿಲ್ಲ; ದೊಡ್ಡಮ್ಮನಿಗೆ ಗೊತ್ತಿತ್ತು, ಆದರೆ ನಾನು ಕೇಳುವವರೆಗೆ ಅವರು ಅದನ್ನು ಆಡಿದವರಲ್ಲ.

ಮಲೆನಾಡಿನವರಿಗೆ ಋತುಗಳು ದೊಡ್ಡ ಸಹಾಯ ಮಾಡುತ್ತವೆ ಎಂಬುದನ್ನು ಇಲ್ಲಿ ಹೇಳಬೇಕು. ನೆನಪಿನೊಳಗೆ ಕಾಫಿ ಹೂವಿನ ಪರಿಮಳವಿದ್ದರೆ ಅದು ಹೂಮಳೆ ಬಿದ್ದ ಮೇಲಿನ ಮಾರ್ಚ್ ಅಥವಾ ಏಪ್ರಿಲ್ ತಿಂಗಳು, ಅದೂ ಕೆಲವೇ ದಿನಗಳು. ಕಣದಲ್ಲಿ ಹಣ್ಣು ಹರವಿದ್ದರೆ ಕೊಯ್ಲಿನ ಡಿಸೆಂಬರ್, ಜನವರಿ. ಆಳುಗಳು ಗೊರಬು ಹಾಕಿಕೊಂಡಿದ್ದರೆ ಮುಂಗಾರು. ಇಸವಿಯನ್ನು ಮನೆಯ ಘಟನೆಯಿಂದ, ತಿಂಗಳನ್ನು ತೋಟದಿಂದ ತಿಳಿಯಬಹುದು. ಹೀಗೆ ಹಿಡಿದ ತಿಂಗಳು ಮನೆಯವರು ಹೇಳುವ ತಿಂಗಳಿಗೆ ಹೊಂದದಿದ್ದರೆ, ನಾನಾದರೆ ತೋಟವನ್ನೇ ನಂಬುತ್ತೇನೆ.

ಉತ್ತರ: ಬೇಲೂರು ರಸ್ತೆ

ಮೂರು ವರ್ಷ ಎಂಬ ಗೆರೆಯನ್ನು ನಾನು ಒಪ್ಪಲಾರೆ. ನನಗೆ ಎಂಟು ತಿಂಗಳ ವಯಸ್ಸಿನ ನೆನಪು ಇದೆ. ತೊಟ್ಟಿಲಲ್ಲಿ ಅಂಗಾತ ಮಲಗಿದ್ದೇನೆ, ಮೇಲೆ ಮರದ ಗಿಳಿಗಳನ್ನು ತೂಗುಹಾಕಿದ್ದಾರೆ, ಅದಕ್ಕೂ ಮೇಲೆ ಹೊಗೆ ಹಿಡಿದು ಕಪ್ಪಾದ ಜಂತಿಗಳಿವೆ. ನನಗೆ ವರ್ಷ ತುಂಬುವುದರೊಳಗೆ ಆ ಹಳೆಯ ಮನೆಯನ್ನು ಕೆಡವಿ ಹೊಸದು ಕಟ್ಟಿಸಿದರು. ಹಾಗಿದ್ದ ಮೇಲೆ ಆ ಜಂತಿಗಳನ್ನು ನಾನು ಮತ್ತೆಲ್ಲಿ ನೋಡಿರಲು ಸಾಧ್ಯ? ಪ್ರಯೋಗಗಳು ಸರಾಸರಿಯನ್ನು ಹೇಳುತ್ತವೆ, ಆದರೆ ಒಬ್ಬೊಬ್ಬ ಮನುಷ್ಯನ ಶಕ್ತಿ ಒಂದೊಂದು ಬಗೆ. ಇದನ್ನು ಕಲ್ಪನೆ ಎಂದು ಯಾರಾದರೂ ಹೇಳಿದರೆ ನನಗೆ ನೋವಾಗುತ್ತದೆ.

ಉತ್ತರ: ಮನಶ್ಶಾಸ್ತ್ರ ಅಧ್ಯಾಪಕಿ, ಹಾಸನ

ಬೇಲೂರಿನವರೇ, ನೀವು ಸುಳ್ಳು ಹೇಳುತ್ತಿದ್ದೀರಿ ಎಂದು ನಾನು ಎಂದಿಗೂ ಹೇಳುವುದಿಲ್ಲ, ಮತ್ತು ನೀವು ಒಬ್ಬರೇ ಅಲ್ಲ. ಬ್ರಿಟನ್ನಿನಲ್ಲಿ ಶಾಜಿಯಾ ಅಖ್ತರ್ ಮತ್ತು ಅವರ ಸಂಗಡಿಗರು 6,641 ಜನರಿಂದ ಮೊದಲ ನೆನಪುಗಳನ್ನು ಸಂಗ್ರಹಿಸಿ 2018ರಲ್ಲಿ ಪ್ರಕಟಿಸಿದಾಗ, ಶೇ. 38.6ರಷ್ಟು ಮಂದಿ ಎರಡು ವರ್ಷ ಅಥವಾ ಅದಕ್ಕೂ ಮುಂಚಿನ ನೆನಪು ತಮಗಿದೆ ಎಂದಿದ್ದರು. ಹಲವರು ಹೇಳಿದ್ದು ಕೂಸಿನ ತಳ್ಳುಗಾಡಿಯಲ್ಲಿ ಮಲಗಿದ್ದ ನೆನಪನ್ನು. ಆ ವಯಸ್ಸಿನ ಕೆಲವು ನಿಜವಾದ ಚೂರುಗಳು, ಮನೆಯಲ್ಲಿ ಕೇಳಿದ ಮಾತುಗಳು, ಫೋಟೊಗಳು ಎಲ್ಲವೂ ಸೇರಿ ಒಂದು ಚಿತ್ರವಾಗುತ್ತವೆ, ಆ ಚಿತ್ರ ಮತ್ತೆ ಮತ್ತೆ ಮನಸ್ಸಿಗೆ ಬಂದಂತೆ ನೆನಪೇ ಆಗಿಬಿಡುತ್ತದೆ ಎಂಬುದು ಆ ಸಂಶೋಧಕರ ತೀರ್ಮಾನ.

ಮಕ್ಕಳ ಮನಸ್ಸಿನ ಬೆಳವಣಿಗೆಯ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ ಜೀನ್ ಪಿಯಾಜೆ ಅವರಿಗೇ ಇದು ಆಗಿತ್ತು. ಅವರು ತಳ್ಳುಗಾಡಿಯಲ್ಲಿದ್ದಾಗ ಪ್ಯಾರಿಸ್ಸಿನ ಬೀದಿಯಲ್ಲಿ ಯಾರೋ ಅವರನ್ನು ಅಪಹರಿಸಲು ಬಂದದ್ದು, ದಾದಿ ಎದುರುನಿಂತು ಕಾಪಾಡಿದ್ದು, ಅವಳ ಮುಖದ ಮೇಲೆ ಗೀರುಗಳಾದದ್ದು ಅವರಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವರಿಗೆ ಸುಮಾರು ಹದಿನೈದು ವರ್ಷವಾದಾಗ ಆ ದಾದಿಯೇ ಪತ್ರ ಬರೆದು, ಅದೆಲ್ಲ ತಾನು ಕಟ್ಟಿ ಹೇಳಿದ ಕಥೆಯೆಂದು ತಿಳಿಸಿ, ಬಹುಮಾನವಾಗಿ ಪಡೆದಿದ್ದ ಕೈಗಡಿಯಾರವನ್ನು ಹಿಂದಿರುಗಿಸಿದಳು. ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿಕ್ಕಂದಿನಲ್ಲಿ ಅಂಗಡಿ ಮಳಿಗೆಯಲ್ಲಿ ಕಳೆದುಹೋಗಿದ್ದಿರಿ ಎಂಬ ನಡೆಯದ ಸಂಗತಿಯನ್ನು ಮನೆಯವರು ಹೇಳಿದ್ದೆಂದು ಕೊಟ್ಟಾಗ, 24 ಜನರಲ್ಲಿ ಸುಮಾರು ಕಾಲು ಭಾಗ ಪೂರ್ತಿಯಾಗಿಯೋ ಅರೆಬರೆಯಾಗಿಯೋ ಅದು ನೆನಪಾಯಿತೆಂದರು.

ಆದ್ದರಿಂದ ನಿಮ್ಮ ವಿಷಯದಲ್ಲಿ ನಾನು ಕೇಳುವುದು ಇಷ್ಟು: ಆ ತೊಟ್ಟಿಲನ್ನೂ ಗಿಳಿಗಳನ್ನೂ ನಿಮ್ಮ ಅನಂತರ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಬಳಸಿದರೇ? ಅಂಥದೇ ಜಂತಿಯಿದ್ದ ಅಜ್ಜಿಯ ಮನೆಯಲ್ಲಿ ನೀವು ಮಲಗಿದ್ದುಂಟೇ? ಹಳೆಯ ಮನೆಯ ಫೋಟೊ ಇದೆಯೇ? ಇವುಗಳಲ್ಲಿ ಒಂದಕ್ಕೆ ಹೌದು ಎಂಬ ಉತ್ತರ ಬಂದರೂ ಎಂಟು ತಿಂಗಳು ಎಂಬ ಲೆಕ್ಕಕ್ಕೆ ಆಧಾರ ಉಳಿಯುವುದಿಲ್ಲ.

ಎಂಟು ತಿಂಗಳ ಕೂಸು ಏನನ್ನೂ ನೆನಪಿಡುವುದಿಲ್ಲ ಎಂದು ಇದರಿಂದ ತಿಳಿಯಬಾರದು. ಹುಟ್ಟಿ ಮೂರು ದಿನವೂ ಆಗದ ಶಿಶು ತಾಯಿಯ ದನಿಯನ್ನು ಗುರುತಿಸುತ್ತದೆ ಎಂದು 1980ರಲ್ಲಿಯೇ ತೋರಿಸಿದ್ದಾರೆ. ಕ್ಯಾರೊಲಿನ್ ರೋವಿ ಕಾಲಿಯರ್ ಎಂಬುವರು ಕೂಸಿನ ಕಾಲಿಗೆ ರಿಬ್ಬನ್ ಕಟ್ಟಿ, ಅದು ಒದ್ದಾಗ ಮೇಲಿನ ಆಟಿಕೆ ಅಲುಗುವಂತೆ ಮಾಡಿ ಕಲಿಸಿದಾಗ, ಮೂರು ತಿಂಗಳ ಕೂಸುಗಳು ಸುಮಾರು ಒಂದು ವಾರ, ಆರು ತಿಂಗಳವು ಸುಮಾರು ಎರಡು ವಾರ ಅದನ್ನು ನೆನಪಿಟ್ಟವು. ಅದು ಕಲಿತದ್ದರ ನೆನಪು. ಮುಂದೊಂದು ದಿನ ಮಾತಿನಲ್ಲಿ ಹೇಳಿಕೊಳ್ಳುವ ಘಟನೆಯ ನೆನಪಲ್ಲ.

ಉತ್ತರ: ಗೊರೂರು ಹಿನ್ನೀರು

ಈ ಚರ್ಚೆಯಲ್ಲಿ ನಮ್ಮಂಥವರ ಮಾತೂ ಇರಬೇಕೆಂದು ಬರೆಯುತ್ತಿದ್ದೇನೆ. ಹೇಮಾವತಿ ಆಣೆಕಟ್ಟು 1979ರಲ್ಲಿ ಪೂರ್ಣವಾಯಿತು. ನಮ್ಮ ಊರು ಮುಳುಗಡೆಯಾಯಿತು. ಅದಕ್ಕೆ ಒಂದು ವರ್ಷ ಮುಂಚೆ, ನನಗೆ ಮೂರು ತುಂಬಿ ನಾಲ್ಕು ನಡೆಯುತ್ತಿದ್ದಾಗ ನಾವು ಮನೆ ಬಿಟ್ಟೆವು. ಆದ್ದರಿಂದ ಆ ಮನೆಯ ಬಗ್ಗೆ ನನಗಿರುವ ಪ್ರತಿಯೊಂದು ನೆನಪೂ ನಾಲ್ಕು ವರ್ಷದೊಳಗಿನದು. ಉಳಿದವರು ಹುಟ್ಟಿದ ಮನೆಗೆ ಮತ್ತೆ ಮತ್ತೆ ಹೋಗುತ್ತಾರೆ, ಹಿಂದೆ ಕಂಡದ್ದರ ಮೇಲೆ ಇಂದು ಕಂಡದ್ದು ಕೂರುತ್ತದೆ. ನಮಗೆ ಆ ಅವಕಾಶವನ್ನು ನೀರು ಇಲ್ಲವಾಗಿಸಿತು.

ಪೂರ್ತಿ ಇಲ್ಲವಾಗಿಸಿತು ಎನ್ನುವಂತೆಯೂ ಇಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಮೇಲೆದ್ದು ನಿಲ್ಲುವುದನ್ನು ಈಗ ಎಲ್ಲರೂ ನೋಡಲು ಬರುತ್ತಾರೆ. ಅದೇ ಬೇಸಿಗೆಗಳಲ್ಲಿ ನಮ್ಮ ಊರಿನ ತಳಪಾಯದ ಕಲ್ಲುಗಳೂ ಕಾಣುತ್ತಿದ್ದವು, ಅಪ್ಪ ನನ್ನನ್ನು ಕರೆದುಕೊಂಡು ಹೋಗಿ, ಇಲ್ಲಿ ಕೊಟ್ಟಿಗೆ, ಇಲ್ಲಿ ನಡುಮನೆ, ಇದು ಹಗೇವು ಎಂದು ತೋರಿಸುತ್ತಿದ್ದರು. ಆದ್ದರಿಂದ ಮನೆಯ ಅಳತೆ, ದಿಕ್ಕು, ಯಾವ ಕೋಣೆ ಎಲ್ಲಿತ್ತು ಎಂಬುದೆಲ್ಲ ನನಗೆ ಅಪ್ಪ ಕೊಟ್ಟದ್ದು ಎಂದು ನಾನು ಲೆಕ್ಕ ಹಾಕುತ್ತೇನೆ. ಅದನ್ನು ಕಳೆದು ಉಳಿಯುವುದು ಎರಡೇ.

ಒಂದು, ಕೊಟ್ಟಿಗೆಯ ಮುಂದಿನ ಕಲ್ಲಿನ ಬಾನಿ. ಅದರ ಅಂಚು ನನ್ನ ಗಲ್ಲಕ್ಕೆ ತಾಗುತ್ತದೆ, ಒಳಗಿನ ನೀರು ಕಾಣಬೇಕಾದರೆ ನಾನು ತುದಿಗಾಲಲ್ಲಿ ನಿಲ್ಲಬೇಕು. ದನ ನೀರು ಕುಡಿಯುವ ಬಾನಿ ದೊಡ್ಡವರ ಮೊಣಕಾಲಿಗಿಂತ ಸ್ವಲ್ಪ ಮೇಲೆ ಬರುತ್ತದೆ, ಅಷ್ಟೇ. ಎರಡು, ಬಾಗಿಲಿಲ್ಲದ ಮನೆ. ಬಿಡುವ ದಿನಗಳಲ್ಲಿ ಬಾಗಿಲುವಾಡ, ಕಿಟಕಿ, ತೊಲೆ, ಹೆಂಚು ಎಲ್ಲವನ್ನೂ ಬಿಚ್ಚಿ ಗಾಡಿಗೆ ಹೇರಿದರು, ಹೊಸ ಜಾಗದಲ್ಲಿ ಮರ ಕೊಳ್ಳುವ ಶಕ್ತಿ ಯಾರಿಗಿತ್ತು? ಯಾವಾಗಲೂ ಕತ್ತಲೆಯಾಗಿರುತ್ತಿದ್ದ ನಡುಮನೆಯ ನೆಲದ ಮೇಲೆ ಬಿಸಿಲು ಬಿದ್ದಿತ್ತು, ಅಜ್ಜಿ ಆ ಬಿಸಿಲಿನಲ್ಲಿ ಕೂತಿದ್ದರು. ಅಪ್ಪ ಈ ವಿಷಯವನ್ನು ಎಂದೂ ಆಡಲಿಲ್ಲ. ಬಿಟ್ಟುಬಂದ ಮನೆಯ ಬಗ್ಗೆ ಅವರು ಆಡುತ್ತಿದ್ದುದೆಲ್ಲ ಅದು ಪೂರ್ತಿಯಾಗಿ ನಿಂತಿದ್ದ ಕಾಲದ ಮಾತು. ನನಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕನನ್ನು ಈಚೆಗೆ ಕೇಳಿದಾಗ, ಬಿಸಿಲು ಬಿದ್ದಿತ್ತು ಎಂದು ಅವಳೇ ಮೊದಲು ಹೇಳಿದಳು.

ನನ್ನ ಪ್ರಶ್ನೆ ಅಧ್ಯಾಪಕಿಯವರಿಗೆ: ಬಾನಿಯ ನೆನಪಿನಲ್ಲಿ ನಾನು ನನ್ನ ಕಣ್ಣಿನಿಂದಲೇ ನೋಡುತ್ತೇನೆ. ಗಾಡಿಯಲ್ಲಿ ಕೂತು ಊರು ಬಿಟ್ಟ ನೆನಪಿನಲ್ಲಿ ಮಾತ್ರ ನಾನೇ ನನಗೆ ಹೊರಗಿನಿಂದ ಕಾಣುತ್ತೇನೆ. ಈ ಎರಡನೆಯದು ಸುಳ್ಳು ನೆನಪೇ?

ಉತ್ತರ: ಮನಶ್ಶಾಸ್ತ್ರ ಅಧ್ಯಾಪಕಿ, ಹಾಸನ

ಹಾಗೆಂದು ತೀರ್ಮಾನಿಸಬೇಕಾಗಿಲ್ಲ. ಹೊರಗಿನಿಂದ ತನ್ನನ್ನು ತಾನು ಕಾಣುವ ನೆನಪುಗಳನ್ನು ಆನ್ರಿ ದಂಪತಿಗಳೂ ಫ್ರಾಯ್ಡರೂ ಗಮನಿಸಿದ್ದರು. ಉಲ್ರಿಕ್ ನೈಸರ್ ಮತ್ತು ಅವರ ಸಹೋದ್ಯೋಗಿ 1983ರಲ್ಲಿ ಇದನ್ನು ಪರೀಕ್ಷಿಸಿದಾಗ, ಹಳೆಯ ನೆನಪುಗಳಲ್ಲಿ ಇದು ಹೆಚ್ಚು ಎಂದು ಕಂಡುಬಂದಿತು. ಮತ್ತೆ ಮತ್ತೆ ನೆನೆದುಕೊಂಡು ಕಟ್ಟಿಕೊಂಡದ್ದು ಎಂಬುದಕ್ಕೆ ಅದು ಗುರುತು. ನಡೆದೇ ಇಲ್ಲ ಎಂಬುದಕ್ಕಲ್ಲ. ಅದೇ ರೀತಿ ಸ್ವಂತ ಕಣ್ಣಿನಿಂದ ಕಂಡಂತಿದ್ದರೂ ಅದೊಂದೇ ಸತ್ಯಕ್ಕೆ ಸಾಕ್ಷಿಯಾಗದು. ನಿಮ್ಮ ವಿಷಯದಲ್ಲಿ ಬಲವಾದ ಆಧಾರವೆಂದರೆ ಅಕ್ಕನವರು ತಾವಾಗಿಯೇ ಹೇಳಿದ ಬಿಸಿಲು. ಅಶರ್ ಮತ್ತು ನೈಸರ್ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಮ್ಮನ ಅಥವಾ ತಂಗಿಯ ಹುಟ್ಟು ಮತ್ತು ತಾವೇ ಆಸ್ಪತ್ರೆ ಸೇರಿದ್ದು ಎರಡನೆಯ ವಯಸ್ಸಿನಿಂದಲೂ, ಮನೆ ಬದಲಾಯಿಸಿದ್ದು ಮತ್ತು ಮನೆಯಲ್ಲಿ ಆದ ಸಾವು ಮೂರನೆಯ ವಯಸ್ಸಿನಿಂದಲೂ ನೆನಪಿರಬಲ್ಲವು ಎಂದು ತೋರಿತು. ಮೂಡಿಗೆರೆಯವರ ಎರಡೂವರೆಯೂ ನಿಮ್ಮ ಮೂರು ಮೀರಿದ ವಯಸ್ಸೂ ಇದಕ್ಕೆ ಸರಿಹೊಂದುತ್ತವೆ.

ಉತ್ತರ: ಅಂಗನವಾಡಿ ಟೀಚರ್, ಚನ್ನರಾಯಪಟ್ಟಣ ತಾಲ್ಲೂಕು

ಎಲ್ಲರೂ ದೊಡ್ಡವರ ನೆನಪನ್ನು ಹೇಳಿದ್ದೀರಿ. ನಾನು ದಿನವೂ ಮೂರು ವರ್ಷದ ಮಕ್ಕಳ ಜೊತೆ ಇರುವವಳು, ಅವರು ಹೋದ ತಿಂಗಳ ಜಾತ್ರೆಯನ್ನು ವಿವರವಾಗಿ ಹೇಳುವುದನ್ನು ಕೇಳಿದ್ದೇನೆ. ಅದೇ ಮಕ್ಕಳು ನಾಲ್ಕನೆಯ ತರಗತಿಯಲ್ಲಿ ಸಿಕ್ಕಾಗ ಆ ಜಾತ್ರೆಯ ಮಾತೆತ್ತಿದರೆ, ಹೋಗಿದ್ದೇ ಇಲ್ಲ ಎನ್ನುತ್ತಾರೆ. ಪೀಟರ್ಸನ್ ಅವರ ಅಧ್ಯಯನದಲ್ಲಿಯೂ ಚಿಕ್ಕ ಮಕ್ಕಳು ತಾವೇ ಎರಡು ವರ್ಷದ ಹಿಂದೆ ಹೇಳಿದ ಮೊದಲ ನೆನಪನ್ನು ಮತ್ತೆ ಓದಿ ಹೇಳಿದಾಗ, ಅದು ತಮಗೆ ಆದದ್ದಲ್ಲ ಎಂದಿದ್ದರೆಂದು ತರಬೇತಿಯಲ್ಲಿ ಕೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಯಾವುದು ಉಳಿಯುತ್ತದೆ ಎಂಬುದು ಮನೆಯ ಮಾತಿನ ಮೇಲೆ ಬಹಳ ಮಟ್ಟಿಗೆ ನಿಂತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ನ್ಯೂಜಿಲೆಂಡಿನಲ್ಲಿ 2000ನೆಯ ಇಸವಿಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಾವೋರಿ ಜನರ ಮೊದಲ ನೆನಪು ಸರಾಸರಿ ಎರಡು ವರ್ಷ ಎಂಟು ತಿಂಗಳಿನದು, ಯುರೋಪ್ ಮೂಲದವರದು ಮೂರೂವರೆಯದು, ಏಷ್ಯಾ ಮೂಲದವರದು ಐದಕ್ಕೆ ಹತ್ತಿರ ಎಂದು ಕಂಡುಬಂದಿತ್ತು. ಹಿಂದೆ ನಡೆದುದನ್ನು, ಹಿರಿಯರ ವಿಷಯವನ್ನು ಮನೆಯಲ್ಲಿ ಮತ್ತೆ ಮತ್ತೆ ಹೇಳುವ ರೂಢಿ ಮಾವೋರಿಗಳಲ್ಲಿ ಬಲವಾಗಿರುವುದನ್ನು ಸಂಶೋಧಕರು ಇದಕ್ಕೆ ಕಾರಣವಾಗಿ ಸೂಚಿಸಿದ್ದಾರೆ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಪುರಾಣದ ಕಥೆ ಹೇಳುತ್ತೇವೆ, ಊಟ ಮಾಡು, ಮಲಗು ಎನ್ನುತ್ತೇವೆ, ಆದರೆ ಮಗು ಕಂಡದ್ದನ್ನು ಮಗುವಿನ ಬಾಯಿಂದಲೇ ಹೇಳಿಸುವವರು ಕಡಿಮೆ. ಹೇಳಿಸುವ ಬಗೆಯೂ ಮುಖ್ಯ. ಆನೆ ನೋಡಿದೆ ಅಲ್ಲವಾ ಎಂದು ಕೇಳಿದರೆ ಮಗು ಹೂಂ ಎನ್ನುತ್ತದೆ, ಆನೆ ಇಲ್ಲದಿದ್ದರೂ ಹೂಂ ಎನ್ನುತ್ತದೆ. ಅಲ್ಲಿ ಏನಿತ್ತು, ಆಮೇಲೆ ಏನಾಯಿತು, ನಿನಗೆ ಹೇಗನ್ನಿಸಿತು ಎಂದು ಕೇಳಿ ಕಾಯಬೇಕು.

ಇನ್ನೊಂದು ವಿಷಯ. ಪ್ರತಿವರ್ಷ ನಡೆಯುವುದು ಒಂದರೊಳಗೊಂದು ಕಲೆತುಹೋಗುತ್ತದೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ದೀಪಾವಳಿಯ ಸುತ್ತಿನಲ್ಲಿ ತೆರೆಯುತ್ತದೆ, ಅಮ್ಮನ ಸೊಂಟದ ಮೇಲೆ ಕೂತು ಸರದಿಯಲ್ಲಿ ನಿಂತ ನೆನಪು ಯಾವ ವರ್ಷದ್ದು ಎಂದು ಹೇಳಲು ಬರುವುದಿಲ್ಲ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ಹಾಗಲ್ಲ. 1981, 1993, 2006, 2018, ನಡುವೆ ಹನ್ನೆರಡು ವರ್ಷಗಳಷ್ಟು ಅಂತರ. 1990ರಲ್ಲಿ ಹುಟ್ಟಿದವರು ಬಾಹುಬಲಿಯ ಮೇಲಿಂದ ಅರಿಸಿನದ ನೀರು ಇಳಿಯುವುದನ್ನು ಅಪ್ಪನ ಹೆಗಲ ಮೇಲೆ ಕೂತು ಕಂಡ ನೆನಪು ಇದೆಯೆಂದರೆ ಅದು 1993ರ ಡಿಸೆಂಬರ್‌ನದೇ ಆಗಿರಬೇಕು, ಮುಂದಿನದಕ್ಕೆ ಅವರು ಹೆಗಲೇರುವ ವಯಸ್ಸನ್ನು ದಾಟಿರುತ್ತಾರೆ. ನಮ್ಮ ತಾಲ್ಲೂಕಿನವರು ತಮ್ಮ ನೆನಪನ್ನು ಪರೀಕ್ಷಿಸಲು ಇದನ್ನು ಬಳಸಬಹುದು.

ಸಕಲೇಶಪುರದವನು

ಎಲ್ಲರಿಗೂ ಕೃತಜ್ಞತೆಗಳು. ಅಧ್ಯಾಪಕಿಯವರು ಹೇಳಿದಂತೆ ಬಳೆಯ ಹೆಸರೆತ್ತದೆ ಅಣ್ಣನಿಗೆ ಫೋನ್ ಮಾಡಿ, ಆ ಪ್ರಯಾಣವನ್ನು ನೆನಪಿದ್ದಷ್ಟು ಹೇಳು ಎಂದೆ. ಸುರಂಗ, ಕೂಗು, ಸೇತುವೆ, ಕೆಳಗಿನ ಕಾಡು, ಸ್ಟೇಷನ್ನಿನಲ್ಲಿ ಕೊಂಡ ಕಡಲೆಕಾಯಿ ಎಲ್ಲವನ್ನೂ ಹೇಳಿದ. ಬಳೆಯ ಮಾತು ಬರಲಿಲ್ಲ. ಅಮ್ಮನನ್ನು ಕೇಳಿದಾಗ, ಕತ್ತಲಾದಾಗಲೆಲ್ಲ ನೀನು ಹೆದರುತ್ತಿದ್ದೆ, ನಾನು ಕೈಯಿಂದ ನಿನ್ನ ಕಣ್ಣು ಮುಚ್ಚುತ್ತಿದ್ದೆ ಎಂದರು. ಆ ಕೈಯಲ್ಲಿ ಬಳೆ ಇದ್ದಿರಲೇಬೇಕು, ಆದರೆ ಅವರು ಅದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇದಕ್ಕಿಂತ ಮುಂದೆ ಹೋಗಲು ದಾರಿ ಇದ್ದಂತಿಲ್ಲ, ನನಗೆ ಇಷ್ಟು ಸಾಕು.

ಇನ್ನೊಂದು ಪ್ರಶ್ನೆ ಉಳಿದಿದೆ. ನನ್ನ ಮಗಳಿಗೆ ಎರಡು ವರ್ಷ ನಾಲ್ಕು ತಿಂಗಳು. ನಾವು ಈಗಷ್ಟೇ ಸಕಲೇಶಪುರದ ಮನೆ ಬಿಟ್ಟು ಹಾಸನಕ್ಕೆ ಬಂದಿದ್ದೇವೆ. ಆ ಮನೆ ಅವಳಿಗೆ ನೆನಪಿರುತ್ತದೆಯೇ?

ಉತ್ತರ: ಮನಶ್ಶಾಸ್ತ್ರ ಅಧ್ಯಾಪಕಿ, ಹಾಸನ

ಈಗ ಕೇಳಿದರೆ ಹೇಳುತ್ತಾಳೆ, ಮುಂದಿನ ವರ್ಷವೂ ಹೇಳುತ್ತಾಳೆ. ಎಂಟನೆಯ ವಯಸ್ಸಿನಲ್ಲಿ ಕೇಳಿದರೆ ಬಹುಶಃ ಇರುವುದಿಲ್ಲ. ಮಗುವಿಗೆ ಆ ಹೊತ್ತಿನಲ್ಲಿ ಯಾವ ಮಾತುಗಳು ಬರುತ್ತಿದ್ದವು ಎಂಬುದೂ ಇದರಲ್ಲಿ ಸೇರಿದೆ. ಗೇಬ್ರಿಯೆಲ್ ಸಿಮ್ಕಾಕ್ ಮತ್ತು ಹಾರ್ಲೀನ್ ಹೇನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸುಮಾರು ಎರಡರಿಂದ ಮೂರು ವರ್ಷದ ಮಕ್ಕಳು ಒಂದು ವಿಚಿತ್ರ ಯಂತ್ರದೊಡನೆ ಆಡಿ, ಆರು ತಿಂಗಳು ಅಥವಾ ಒಂದು ವರ್ಷದ ಬಳಿಕ ಆ ಆಟವನ್ನು ಕೈಯಿಂದ ಮಾಡಿ ತೋರಿಸಬಲ್ಲವರಾಗಿದ್ದರು. ಆದರೆ ಅದನ್ನು ಬಾಯಲ್ಲಿ ಹೇಳುವಾಗ, ಆಡಿದ ದಿನ ತಮಗೆ ಬರದಿದ್ದ ಪದಗಳನ್ನು, ಅನಂತರ ಕಲಿತಿದ್ದರೂ, ಯಾರೂ ಬಳಸಲಿಲ್ಲ.

ಆದ್ದರಿಂದ ಈ ವಾರವೇ ಒಂದು ಕೆಲಸ ಮಾಡಿ. ಹಳೆಯ ಮನೆಯಲ್ಲಿ ಏನೇನಿತ್ತು ಎಂದು ಅವಳನ್ನು ಕೇಳಿ, ಅವಳು ಹೇಳಿದ ಮಾತನ್ನು ತಿದ್ದದೆ, ಅವಳದೇ ಪದಗಳಲ್ಲಿ, ದಿನಾಂಕ ಹಾಕಿ ಬರೆದಿಡಿ. ಫೋಟೊಗಳನ್ನು ಆಮೇಲೆ ತೋರಿಸಿ. ಕೆಲವು ತಿಂಗಳಿಗೊಮ್ಮೆ ಮಾತು ತಾನಾಗಿ ಬಂದಾಗ ಅದೇ ವಿಷಯವನ್ನು ಅವಳಿಂದ ಹೇಳಿಸಿ, ಅವಳು ಹೇಳದ್ದನ್ನು ನೀವು ಸೇರಿಸಬೇಡಿ. ಅವಳಿಗೆ ಹತ್ತು ತುಂಬಿದ ಮೇಲೆ ಮತ್ತೆ ಕೇಳಿ, ಆಗ ಹೇಳುವುದನ್ನೂ ಬರೆದು, ಮೊದಲ ಹಾಳೆಯ ಜೊತೆಗೆ ಇಟ್ಟು ನೋಡಿ.